ಗೋಡೆಯಾಚೆ ಕೂತು ಕೇಳಿದವನು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೊಟ್ಟೂರಿನ ಒಂದು ಸಣ್ಣ ಸಭೆಗೆ ಪಾಸ್ಟರ್ ಆಗಿದ್ದೆ. ಭಾನುವಾರ ಬೆಳಿಗ್ಗೆ ಅಲ್ಲಿ ಆರಾಧನೆ, ಮಧ್ಯಾಹ್ನ ಬಸ್ಸು ಹಿಡಿದು ಕಾನಹೊಸಹಳ್ಳಿಯ ಸಭೆಗೆ. ಪಾಪ, ಪಶ್ಚಾತ್ತಾಪ, ರಕ್ಷಣೆ, ನರಕ ಎಂದು ಅದದೇ ಮಾತನ್ನು ಎರಡೆರಡು ಸಲ ಹೇಳಿ ಹೇಳಿ ನನಗೇ ದಣಿವಾಗಿತ್ತು.

ಬಾಡಿಗೆಗೆ ಹಿಡಿದಿದ್ದ ನಮ್ಮ ಪ್ರಾರ್ಥನೆಯ ಕೋಣೆಗೆ ಹೊಂದಿಕೊಂಡೇ ಒಂದು ಸೈಕಲ್ ಅಂಗಡಿ. ಅದರ ಮಾಲೀಕ ಐವತ್ತು ದಾಟಿದವನು, ಒಂಟಿ. ನಡುವೆ ಒಂದೇ ಗೋಡೆ, ಮೇಲೆ ತಗಡು. ನನ್ನ ಪ್ರಸಂಗವೆಲ್ಲ ಅವನಿಗೆ ಕೇಳುತ್ತಿತ್ತು. "ಇವತ್ತು ಲಗೂನ ಮುಗಿಸಿದ್ರಿ" ಎಂದು ನಗುತ್ತಿದ್ದ.

ಒಂದು ದಿನ ಅವನೇ ಕೇಳಿದ: "ಒಳಗ ಬಂದ್ರ ನಿಮ್ಮ ದೇವ್ರು ಖರೇನ ಮಾಫ್ ಮಾಡ್ತಾನೇನ್ರಿ?"

"ಮಾಡ್ತಾನ. ಬರ್ರಿ."

ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟು ಹೇಳಿದ: "ನನ್ನ ಹೆಂಡ್ತಿ ತಂಬ್ರಹಳ್ಳ್ಯಾಗ ಅದಾಳ, ತವರಮನ್ಯಾಗ. ಆಕಿ ನಡತಿ ಸರಿ ಇಲ್ಲ ಅಂತ ಓಣಿ ಮಂದಿ ಮುಂದ ಅಂದು ಹೊರಗ ಹಾಕಿದೆ. ಸುಳ್ಳು ಅದು. ಅಂದಾಗನ ಗೊತ್ತಿತ್ತು. ಸಿಟ್ಟಿನಾಗ ಅಂದೆ, ಮಂದಿ ನಂಬಿದ್ರು."

"ನಡೀರಿ, ನಾನೂ ಬರ್ತೀನಿ. ಕರಕೊಂಡು ಬರೋಣ."

"ಕರಕೊಂಡು ಬರೋದು ದೊಡ್ಡದಲ್ರಿ. ಸುಳ್ಳು ಹೇಳಿದ್ದೆ ಅಂತ ಅದ ಓಣ್ಯಾಗ ನಿಂತು ಹೇಳಬೇಕಲ್ಲ? ನನ್ನಿಂದ ಆಗಂಗಿಲ್ಲ. ನಿಮ್ಮ ರಕ್ಷಣೆ ನಿಮ್ಮ ಹತ್ರನ ಇರ್ಲಿ."

ಆಮೇಲೂ ವರ್ಷಗಟ್ಟಲೆ ಕೇಳಿದೆ. ಅದೇ ಉತ್ತರ. ಕೊನೆಕೊನೆಗೆ ಕೇಳುವುದನ್ನೂ ಬಿಟ್ಟಿದ್ದೆ. ಅಷ್ಟರಲ್ಲಿ ಅವನು ಲಿವರ್ ಕೆಟ್ಟು ಹಾಸಿಗೆ ಹಿಡಿದ. ಹೆಂಡತಿಗೆ ಹೇಳಿ ಕಳಿಸಲೇ ಎಂದರೆ ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಕಳಿಸಿದೆ. ಆಕೆ ಒಂದು ಕೈಚೀಲ ಹಿಡಿದು ಬಂದಳು. ಗಂಜಿ ಕಾಸಿದಳು, ಮೈ ಒರೆಸಿದಳು.

ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗಲೇ ಆಕೆ ಅವನ ಹತ್ತಿರ ಕೂತು, "ಅದು ಸುಳ್ಳು ಅಂತ ಓಣಿಗೆ ಹೇಳೋದು ಬ್ಯಾಡ. ನನಗೊಬ್ಬಾಕಿಗೆ ಹೇಳ್ರಿ, ಸಾಕು" ಎಂದಳು.

ಅವನು ಆಕೆಯನ್ನೇ ನೋಡಿದ. ತುಟಿಗಳು ಅಲುಗಿದವು. ಈಗ ಹೇಳುತ್ತಾನೆ ಎಂದುಕೊಂಡೆ.

"ನೀರು ಕೊಡು" ಎಂದ. ಕುಡಿದು ಗೋಡೆಯ ಕಡೆ ಹೊರಳಿದ. ಅದೇ ವಾರ ತೀರಿಕೊಂಡ.

ಮಣ್ಣು ಮಾಡಿ ಬಂದ ಮೇಲೆ ಆಕೆ ಕೇಳಿದಳು: "ಅವ್ರು ಈಗ ಎಲ್ಲಿ ಅದಾರ್ರಿ?"

ಆ ಪ್ರಶ್ನೆಗೆ ಉತ್ತರವನ್ನು ನಾನು ಎಷ್ಟು ಭಾನುವಾರ ಗಟ್ಟಿಯಾಗಿ ಕೂಗಿ ಹೇಳಿದ್ದೆನೋ. ಅಂದು ಮಾತ್ರ "ಅದನ್ನ ಹೇಳೋನು ನಾನಲ್ಲವ್ವ" ಎಂದೆ. ನರಕ ಎಂದರೆ ಸತ್ತ ಮೇಲಿನ ಬೆಂಕಿ ಎಂದೇ ಸಾರಿಕೊಂಡು ಬಂದವನು ನಾನು. ಕ್ಷಮೆ ಮಂಚದ ಪಕ್ಕಕ್ಕೇ ಬಂದು ಕೂತರೂ ಒಬ್ಬ ಮನುಷ್ಯ ಮುಖ ತಿರುಗಿಸುವುದನ್ನು ಕಂಡ ಮೇಲೆ ನನಗೆ ಬೆಂಕಿಯ ಮಾತು ಬೇಕಾಗಲಿಲ್ಲ.

ಅಂಗಳದಲ್ಲಿ ಓಣಿಯವರು ಇನ್ನೂ ಕೂತಿದ್ದರು. ಅವರ ಮುಂದೆ ನಿಂತು ಹೇಳಿದೆ: "ಈ ತಾಯಿ ಮ್ಯಾಲೆ ಹೊರಿಸಿದ ಮಾತು ಸುಳ್ಳು. ಅವ್ರೇ ನನಗ ಹೇಳಿದ್ರು."

ಒಬ್ಬ ಮುದುಕಿ ಎದ್ದು ಸೆರಗು ಕೊಡವಿಕೊಂಡು, "ಸತ್ತ ಮ್ಯಾಲ ಯಾರ್ ಏನ್ ಬೇಕಾದ್ರೂ ಹೇಳಬಹುದು, ಬಿಡ್ರಿ" ಎಂದು ನಡೆದಳು. ಸುಳ್ಳು ಎಂಬ ಆ ಮಾತು ಅವನ ಬಾಯಿಂದಲೇ ಬರಬೇಕಿತ್ತು. ಇನ್ನು ಅದು ಬರುವಂತಿರಲಿಲ್ಲ.

ಬಸ್ ನಿಲ್ದಾಣದವರೆಗೆ ಆಕೆಯ ಜೊತೆ ಹೋದೆ. ತಂಬ್ರಹಳ್ಳಿಯ ಬಸ್ಸು ಬಂದಾಗ ಆಕೆಯ ಕೈಚೀಲ ಹತ್ತಿಸಿಕೊಟ್ಟೆ.