ಬಲಗೈಗೆ ಹತ್ತಿದ ಜಲ್ಲಿ ಧೂಳು

ಜಯನಗರದಲ್ಲಿ ಆಗ ಮನೆಗಳಿಗಿಂತ ರಸ್ತೆಗಳೇ ಹೆಚ್ಚು. ರಸ್ತೆಯೆಂದರೂ ಪೂರ್ತಿ ರಸ್ತೆಯಲ್ಲ, ಎರಡೂ ಬದಿಗೆ ಕಲ್ಲು ನೆಟ್ಟು ಗೆರೆ ಎಳೆದ ಮಣ್ಣು. ಅದರ ಮೇಲೆ ಹಾಸಲು ಜಲ್ಲಿ ಬೇಕಿತ್ತು. ಬನಶಂಕರಿ ಗುಡಿಯ ಆಚೆಯ ಬಂಡೆಯಿಂದ ಲಾರಿಯಲ್ಲಿ ದಪ್ಪಗಲ್ಲು ಬರುತ್ತಿತ್ತು. ನಾವು ಹನ್ನೆರಡು ಸಂಸಾರದವರು ರಸ್ತೆ ಬದಿಯಲ್ಲಿ ಗೋಣಿತಾಟು ಕಟ್ಟಿಕೊಂಡು, ಅದರ ನೆರಳಲ್ಲಿ ಕೂತು, ಸುತ್ತಿಗೆಯಿಂದ ಒಡೆದು ಗುಡ್ಡೆ ಹಾಕುತ್ತಿದ್ದೆವು. ಇವತ್ತು ಆ ರಸ್ತೆಯಲ್ಲಿ ಕಾರು ನಿಲ್ಲಿಸಿ ಕಾಫಿ ಕುಡಿಯುವವರಿಗೆ ಕೆಳಗಿರುವುದು ಯಾರು ಒಡೆದ ಕಲ್ಲೆಂದು ಗೊತ್ತಿಲ್ಲ. ಗೊತ್ತಾಗಬೇಕಾದ್ದೂ ಇಲ್ಲ.

ನಾನು ಹೇಳಬೇಕಾದ್ದು ನನ್ನ ಬಾಯಿಂದಾದ ಒಂದು ಕೆಲಸದ ವಿಷಯ.

ಆ ವರ್ಷ ಸೊಸೈಟಿಯಲ್ಲಿ ಅಕ್ಕಿ ಸಿಗುತ್ತಿರಲಿಲ್ಲ. ಪೇಟೆಯಲ್ಲಿ ದಿನಾ ಒಂದು ಮೆರವಣಿಗೆ. ನಮಗೆ ಅಕ್ಕಿಯ ಚಿಂತೆ ಇರಲಿಲ್ಲ, ನಾವು ತಿನ್ನುತ್ತಿದ್ದದ್ದು ರಾಗಿ. ಅದೂ ಸಿಗುತ್ತಿರಲಿಲ್ಲ, ಆದರೆ ರಾಗಿಗಾಗಿ ಯಾರೂ ಮೆರವಣಿಗೆ ಮಾಡಿದ್ದು ನಾನು ಕಾಣೆ. ಒಂದು ದಿನ ಮೆರವಣಿಗೆ ನಮ್ಮ ರಸ್ತೆಗೂ ಬಂತು. ಮುಂದೆ ಕಾಲೇಜು ಹುಡುಗರು, ಹಿಂದೆ ಯಾರ್ಯಾರೋ. ಎದುರಿಗೆ ಒಂದು ಬಸ್ಸು ಬಂದು ನಿಂತಿತು. ಇವರು ಕೂಗಿದರು, ಡ್ರೈವರು ಹಾರನ್ ಹೊಡೆದ. ಆಮೇಲೆ ನೋಡುತ್ತೇನೆ, ನಮ್ಮ ಗುಡ್ಡೆಗೆ ಕೈ ಹಾಕಿದ್ದಾರೆ.

"ಲೋ, ನಮ್ ಜಲ್ಲಿ ಕಣ್ರೋ ಅದು! ಬಿಡ್ರೋ!" ಎಂದು ಎದ್ದೆ.

ಕನ್ನಡಕದವನೊಬ್ಬ ಮಡಿಲ ತುಂಬ ಜಲ್ಲಿ ತುಂಬಿಕೊಳ್ಳುತ್ತಲೇ, "ಅಕ್ಕಾ, ನಿಮ್ಗೋಸ್ಕರಾನೇ ಹೋರಾಡ್ತಿರೋದು ನಾವು" ಎಂದ.

"ನಂಗೋಸ್ಕರ ಆದ್ರೆ ಕಲ್ಲು ಬೇರೆ ಕಡೆ ಹುಡುಕ್ಕೊ ಹೋಗು."

ಅವನು ಕೇಳಲಿಲ್ಲ. ಬಸ್ಸಿನ ಗಾಜು ಪುಡಿಯಾಯಿತು. ಕಂಡಕ್ಟರು ತಲೆ ಹಿಡಿದುಕೊಂಡು ಇಳಿದ, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಅವನೂ ನಮ್ಮ ಹಾಗೆ ಕೂಲಿಯವನೇ. ಆ ಕಲ್ಲು ನಾನೇ ಒಡೆದದ್ದಿರಬಹುದು. ಪೊಲೀಸರು ಬಂದು ಹೊಗೆಯ ಗುಂಡು ಹೊಡೆದರು. ಹುಡುಗರು ಚದುರಿದರು. ನಾವು ಚದುರಿ ಹೋಗುವುದೆಲ್ಲಿಗೆ? ಕಣ್ಣಿಗೆ ಸೆರಗು ಒತ್ತಿಕೊಂಡು ಅಲ್ಲೇ ಕೂತೆವು. ನನ್ನ ಗಂಡ ಬೆಳಗಿಂದ ನನ್ನ ಪಕ್ಕ ಬಿಟ್ಟು ಎದ್ದಿರಲಿಲ್ಲ.

ಮರುದಿನ ಬೆಳಿಗ್ಗೆ ಸರ್ಕಾರದ ಉತ್ತರ ಬಂತು. ಐದು ಜನ ಒಂದು ಕಡೆ ಸೇರಬಾರದು, ಅದು ಮೊದಲನೆಯದು. ರಸ್ತೆ ಬದಿಯಲ್ಲಿ ಜಲ್ಲಿ ಗುಡ್ಡೆ ಇರಬಾರದು, ಅದು ಎರಡನೆಯದು. ಜಲ್ಲಿ ಇದ್ದರೆ ತಾನೆ ಎಸೆಯುವುದು? ಅರ್ಧ ಕಟ್ಟಿದ ಒಂದು ಮನೆಯ ಕಾಂಪೌಂಡಿನೊಳಕ್ಕೆ ನಾವೇ ಅದನ್ನು ಹೊತ್ತು ಹಾಕಬೇಕೆಂದು ಮೇಸ್ತ್ರಿ ಹೇಳಿದ. ಹೊರಲು ಶುರು ಮಾಡಿದೆವು. ಒಂದು ಗುಡ್ಡೆಗೆ ಐವರು ಬಾಗಿದರೆ ಕಾವಲಿಗೆ ನಿಂತ ಪೇದೆ ಶಿಳ್ಳೆ ಊದುತ್ತಿದ್ದ. ಹಾಗಾಗಿ ನಾಲ್ಕು ನಾಲ್ಕೇ ಜನ ಹೊತ್ತೆವು.

ಹೊರುತ್ತಿರುವಾಗಲೇ ಒಂದು ವ್ಯಾನು, ಅದರ ಮುಂದೆ ಜೀಪು ಬಂತು. ಇಳಿದವನು ಹೊಸದಾಗಿ ಬಂದಿದ್ದ ಸಬ್ಬಿನಿಸ್ಪೆಕ್ಟರು. ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೈ ನೀಡಿ ಎಂದ. ಕಲ್ಲು ಎಸೆದವರ ಕೈಗೆ ಕಲ್ಲಿನ ಧೂಳು ಹತ್ತಿರುತ್ತದೆ ಎಂದು ಅವನ ತಲೆಗೆ ಬಂದಿತ್ತು. ಹನ್ನೆರಡೂ ಜನರ ಕೈ ಬೆಳ್ಳಗೆ. ಹನ್ನೆರಡೂ ಜನರನ್ನು ವ್ಯಾನಿಗೆ ಹತ್ತಿಸಿದರು.

ನಮ್ಮ ಹೆಂಗಸರು ಮಣ್ಣಲ್ಲಿ ಕೂತು ಅತ್ತರು. ಅತ್ತರೆ ವ್ಯಾನು ಹಿಂದಕ್ಕೆ ಬರುತ್ತದೆಯೇ? ಠಾಣೆಗೆ ಹೋಗಬೇಕು, ಆದರೆ ನಾಲ್ಕೇ ಜನ ಹೋಗಬೇಕು, ಐದಾದರೆ ನಮ್ಮನ್ನೂ ಹಾಕುತ್ತಾರೆ. ಯಾರು ಎಂದು ಜಗಳವಾಯಿತು. ಕೊನೆಗೆ ವಯಸ್ಸಾದ ಪಕ್ಕದ ಗುಡ್ಡೆಯವಳು ನನ್ನನ್ನು ತೋರಿಸಿ, "ಇವ್ಳು ಹೋಗ್ಲಿ. ಇವ್ಳ್ ಬಾಯಿ ಸುತ್ಗೆಗಿಂತ ಗಟ್ಟಿ" ಎಂದಳು. ನಾನು, ಅವಳು, ಇನ್ನಿಬ್ಬರು ನಡೆದೆವು.

ಠಾಣೆಯಲ್ಲಿ ನಮ್ಮವರನ್ನು ಗೋಡೆಗೆ ಸಾಲಾಗಿ ಕೂರಿಸಿದ್ದರು. ಸಬ್ಬಿನಿಸ್ಪೆಕ್ಟರು ಕಾಗದ ಬರೆಯುತ್ತಿದ್ದ.

"ಸಾಮಿ, ಕಲ್ಲೊಡ್ಯೋರ ಕೈಲಿ ಧೂಳಿರ್ದೆ ಇನ್ನೇನ್ ಬೆಣ್ಣೆ ಇರ್ತದಾ?" ಎಂದೆ.

ತಲೆ ಎತ್ತಲಿಲ್ಲ. "ಎಸೆದೋರ ಕೈಲೂ ಧೂಳೇ ಇರೋದು. ಹೆಂಗಮ್ಮ ಹೇಳೋದು ಯಾರ್ದು ಯಾವ್ದು ಅಂತ?"

"ನಾನ್ ಹೇಳ್ತೀನಿ."

ಆಗ ತಲೆ ಎತ್ತಿದ. ನನ್ನ ಎರಡು ಅಂಗೈಯನ್ನೂ ಅವನ ಮೇಜಿನ ಮೇಲೆ ಇಟ್ಟೆ. ನಾವು ಸುತ್ತಿಗೆ ಹಿಡಿಯುವುದು ಬಲಗೈಯಲ್ಲಿ. ಅಲ್ಲಿ ಹಿಡಿ ಉಜ್ಜಿ ಉಜ್ಜಿ ಚರ್ಮ ಎಮ್ಮೆ ಕೊಂಬಿನ ಹಾಗೆ ನುಣ್ಣಗಾಗಿರುತ್ತದೆ, ಧೂಳು ನಿಲ್ಲುವುದಿಲ್ಲ. ಕಲ್ಲು ಅದುಮಿ ಹಿಡಿಯುವುದು ಎಡಗೈಯಲ್ಲಿ. ಬೆರಳಿಗೆ ಸೈಕಲ್ ಟ್ಯೂಬಿನ ಚೂರು ಸುತ್ತಿಕೊಂಡರೂ ಉಗುರು ಸೀಳಿ, ಸೀಳಿನೊಳಗೆ ಧೂಳು ಕೂತಿರುತ್ತದೆ, ತೊಳೆದರೂ ಹೋಗದು. "ನೋಡ್ಕೊಳಿ. ಒಡ್ಯೋರ್ಗೆ ಧೂಳು ಎಡಗೈಲಿ. ಎಸೆದೋರ್ಗೆ ಬಲಗೈಲಿ. ಎಡಗೈಲಿ ಯಾವನಾದ್ರೂ ಕಲ್ಲೆಸೀತಾನಾ ಸಾಮಿ?"

ಅವನಿಗೆ ಅದು ಹಿಡಿಸಿತು. ನಗುತ್ತಲೇ ಎದ್ದು ಬಂದ. ಸಾಲಿನ ಮೊದಲನೆಯವನು, ಎಡಗೈ ಬೆಳ್ಳಗೆ, ಬಲಗೈ ನುಣ್ಣಗೆ. ಬಿಡಿ ಇವನನ್ನ ಎಂದ. ಎರಡನೆಯವನು, ಬಿಡಿ. ಮೂರನೆಯವನು, ಬಿಡಿ. ನನಗೆ ಎದೆ ಉಬ್ಬಿತು. ಹನ್ನೊಂದು ಜನ ಎದ್ದು ಹೊರಗೆ ನಿಂತರು. ಹನ್ನೆರಡನೆಯವನು ನನ್ನ ಗಂಡ.

ಅವನು ರೊಡ್ಡ.

ಆಗಲೇ ಎಂಟು ವರ್ಷ ಅವನ ಜೊತೆ ಕಲ್ಲು ಒಡೆದಿದ್ದೆ. ಅವನ ಸುತ್ತಿಗೆ ಎಡಗೈಯಲ್ಲಿ, ಕಲ್ಲು ಬಲಗೈಯಲ್ಲಿ. ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಅಷ್ಟು ಗೊತ್ತಿದ್ದದ್ದರಿಂದಲೇ ಇರಬೇಕು, ನನ್ನ ತಲೆಯಲ್ಲಿ ಆ ಹೊತ್ತು ಅದು ಇರಲೇ ಇಲ್ಲ. ಅವನು ಬಲಗೈ ನೀಡಿದ, ಸುಣ್ಣದಲ್ಲಿ ಅದ್ದಿದ ಹಾಗಿತ್ತು. ನನ್ನ ಕಡೆ ನೋಡಿದ.

"ಸಾಮಿ, ಇವ್ನು ರೊಡ್ಡ! ಇವನ್ದು ಉಲ್ಟಾ!"

"ಹೌದಾ? ಊಟ ಯಾವ ಕೈಲಿ ಮಾಡ್ತಾನೆ?"

ಏನೆಂದು ಹೇಳುವುದು? ಎಡಗೈಯಲ್ಲಿ ತುತ್ತೆತ್ತಿದ್ದಕ್ಕೆ ಅವನಮ್ಮ ಚಿಕ್ಕಂದಿನಲ್ಲೇ ಸೌಟು ಕಾಯಿಸಿ ಬರೆ ಹಾಕಿದ್ದಳು. ರೊಡ್ಡರೆಲ್ಲ ಉಣ್ಣುವುದು ಬಲಗೈಯಲ್ಲೇ. "ಬಲಗೈಲಿ" ಎಂದೆ.

"ಮತ್ತೆ?"

"ಒಂದು ಸುತ್ಗೆ, ಒಂದು ಕಲ್ಲು ಕೊಡಿ. ಇಲ್ಲೇ ಒಡೆದು ತೋರಿಸ್ತಾನೆ."

ಅವನು ಪೇದೆಯ ಕಡೆ ತಿರುಗಿ, "ಠಾಣೆಗೆ ಕಲ್ಲು ತರ್ಬೇಕಂತೆ ಕಣಯ್ಯ. ಕಲ್ಲಿಗೇ ತಾನೆ ಇಷ್ಟೆಲ್ಲ ರಾಮಾಯಣ!" ಎಂದು ನಕ್ಕ. ಪೇದೆಯೂ ನಕ್ಕ. ಆಮೇಲೆ ನಗು ನಿಲ್ಲಿಸಿ, ಮೇಲಿನವರಿಗೆ ಆಗಲೇ ಫೋನು ಮಾಡಿದ್ದೇನೆ, ಹನ್ನೆರಡು ಜನ ಅಂದಿದ್ದೇನೆ, ಒಬ್ಬನಾದರೂ ಇರಬೇಕಲ್ಲಮ್ಮ ಎಂದ. ನಾನು ಹೇಳಿದ್ದನ್ನೇ ಬರೆದು ಹೆಬ್ಬೆಟ್ಟು ಒತ್ತು ಎಂದ. ಬಲಗೈಯಲ್ಲಿ ಧೂಳಿರುವವನು ಕಲ್ಲು ಎಸೆದವನು ಎಂದು, ಎಸೆದವನ ಹೆಂಡತಿಯೇ ಹೇಳಿದ ಹಾಗೆ. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಒತ್ತದಿದ್ದರೆ ಹೊರಗೆ ನಿಂತ ಹನ್ನೊಂದು ಜನರೂ ಒಳಕ್ಕೆ ಬರುತ್ತಾರೆ ಎಂದ. ಒತ್ತಿದೆ.

ವಾಪಸ್ಸು ಬರುವಾಗ ಪಕ್ಕದ ಗುಡ್ಡೆಯವಳು ತನ್ನ ಗಂಡನ ಹಿಂದೆ ನಡೆಯುತ್ತ, "ಊರೋರ್ ಗಂಡಂದಿರ್ನೆಲ್ಲ ಬಿಡಿಸ್ಕೊಂಡ್ ಬಂದ್ಲು, ತನ್ ಗಂಡನ್ನ ಒಳಗ್ ಹಾಕ್ಸಿದ್ಲು. ಪುಣ್ಯಾತ್ಗಿತ್ತಿ" ಎಂದಳು. ಅವತ್ತು ಅವಳ ಮನೆಯಿಂದಲೇ ಮುದ್ದೆ ಬಂತು. ತಿಂದೆ. ಹಸಿವಿಗೆ ಮಾನ ಇರುವುದಿಲ್ಲ.

ಒಂದು ಅಮಾವಾಸ್ಯೆ ಕಳೆದ ಮೇಲೆ ಕೋರ್ಟಿನಲ್ಲಿ ಸಾಕ್ಷಿ ಸಾಲದೆಂದು ನನ್ನ ಗಂಡನನ್ನು ಬಿಟ್ಟರು. ತೆಳ್ಳಗಾಗಿ ಬಂದ. ಬಂದವನೇ ಸುತ್ತಿಗೆ ತೆಗೆದುಕೊಂಡು ಕೂತ. "ಯಾಕೆ ಬಾಯ್ ಬಿಟ್ಟೆ?" ಎಂದು ಅವನು ಕೇಳುತ್ತಾನೆಂದು ಕಾದೆ. ಆ ದಿನವೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಕೇಳಿದ್ದರೆ ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ.

ಕೋರ್ಟು ಬಿಟ್ಟರೂ ಠಾಣೆ ಬಿಡಲಿಲ್ಲ. ಅವನ ಹೆಸರು ಅಲ್ಲಿನ ಬುಕ್ಕಿಗೆ ಹತ್ತಿತ್ತು. ಪೇಟೆಯಲ್ಲಿ ನಾಳೆ ಗಲಾಟೆ ಎಂದರೆ ಇವತ್ತು ಪೇದೆ ಬರುತ್ತಿದ್ದ. "ನಡಿಯಪ್ಪ, ಮುಂಜಾಗ್ರತೆ." ಮಿಲ್ಲಿನವರ ಮುಷ್ಕರಕ್ಕೂ ಕರೆದುಕೊಂಡು ಹೋದರು, ಭಾಷೆಯ ಗಲಾಟೆಗೂ ಕರೆದುಕೊಂಡು ಹೋದರು. ಬಸ್ ಚಾರ್ಜಿನ ಗಲಾಟೆಗೂ. ಅವನು ಬಸ್ಸು ಹತ್ತಿದ್ದನ್ನೇ ನಾನು ನೋಡಿಲ್ಲ. ಗಲಾಟೆ ಮುಗಿದ ಮೇಲೆ ಬಿಡುತ್ತಿದ್ದರು. ಯಾರು ಯಾವುದಕ್ಕೆ ಕೂಗುತ್ತಾರೆ ಎನ್ನುವುದು ನಮಗೆ ಪೇಪರಿನಿಂದಲ್ಲ, ಪೇದೆಯಿಂದ ಗೊತ್ತಾಗುತ್ತಿತ್ತು. ರಸ್ತೆಯಲ್ಲಿ ಜೀಪಿನ ಸದ್ದಾದರೆ ಅವನ ಸುತ್ತಿಗೆ ನಿಲ್ಲುತ್ತಿತ್ತು, ನನ್ನದೂ. ಹೋದ ಮೇಲೆ ಮತ್ತೆ ಶುರು. ಕೆಲಸಗಾರ ಅಂತ ಹೆಸರಾಗಿದ್ದವನ ಗುಡ್ಡೆ ವರ್ಷ ವರ್ಷಕ್ಕೂ ಚಿಕ್ಕದಾಯಿತು.

ಹಾಗೇ ನಾಲ್ಕಾರು ವರ್ಷ ಹೋಯಿತು. ಒಂದು ಸಲ ಊರಿಡೀ ಬಂದ್ ಎಂದರು. ಪೇದೆ ಹಿಂದಿನ ದಿನ ಬರಲಿಲ್ಲ. ಬೆಳಿಗ್ಗೆಯೂ ಬರಲಿಲ್ಲ. ಇವನು ಟವೆಲು, ಬೀಡಿ ಕಟ್ಟು ಇಟ್ಟುಕೊಂಡು ಗೋಣಿತಾಟಿನ ಕೆಳಗೆ ಕೂತೇ ಇದ್ದ, ಒಂದು ಕಲ್ಲೂ ಒಡೆಯಲಿಲ್ಲ. ನೆತ್ತಿಗೆ ಬಿಸಿಲು ಬಂದಾಗ ಎದ್ದು, "ನಾನೇ ಹೋಗ್ ಬತ್ತೀನಿ" ಎಂದ. ನಾನೂ ಹಿಂದೆ ಹೋದೆ.

ಠಾಣೆಯಲ್ಲಿ ಎಲ್ಲ ಹೊಸ ಮುಖ. ಒಬ್ಬ ಬುಕ್ಕು ತೆಗೆದು ಬೆರಳಿಟ್ಟು ನೋಡಿ, "ಇಲ್ವಲ್ಲಪ್ಪ ನಿನ್ ಹೆಸ್ರು. ಇದು ಹೊಸ ಬುಕ್ಕು" ಎಂದ.

"ಸರ್ಯಾಗ್ ನೋಡಿ ಸಾಮಿ. ಯಾವಾಗ್ಲೂ ಕರೀತಿದ್ರು."

"ಇಲ್ಲ ಅಂದ್ನಲ್ಲ. ಮನೆಗೋಗು."

ಟವೆಲು ಹಿಡಿದು ಹೊರಕ್ಕೆ ಎಳೆದೆ. "ಇಲ್ಲ ಅಂದ್ರಲ್ಲ, ಇನ್ನೇನ್ ಬೇಕು ನಿಂಗೆ? ನಡಿ!"

ಹತ್ತು ಹೆಜ್ಜೆ ಬಂದ. ಬೀದಿ ಖಾಲಿ, ಎಲ್ಲ ಅಂಗಡಿ ಬಾಗಿಲು ಹಾಕಿತ್ತು, ದೂರದಲ್ಲಿ ಎಲ್ಲೋ ಕೂಗುತ್ತಿದ್ದರು. ನಿಂತುಬಿಟ್ಟ.

"ನಾಳೆ ಬೇರೆ ಯಾರಾದ್ರೂ ಬಂದು, ನೀನೆಲ್ಲಿದ್ದೆ ಅಂದ್ರೆ? ಇವತ್ ಬಂದಿದ್ದ ಅಂತ ಒಂದ್ ಚೀಟಿ ಇಸ್ಕೊಬೇಕಿತ್ತು ಕಣೆ."

"ಅಯ್ಯೋ ಪುಣ್ಯಾತ್ಮ, ಹೆಸರೇ ಇಲ್ಲ ಅಂತಾರೆ, ಚೀಟಿ ಯಾವನ್ ಕೊಡ್ತಾನೆ?"

ಅವನು ಟವೆಲು ಬಿಡಿಸಿಕೊಂಡು ಠಾಣೆಯ ಕಡೆ ತಿರುಗಿದ. ನಾನು ತಡೆಯಲಿಲ್ಲ. ಒಬ್ಬಳೇ ಬಂದು ಕಲ್ಲಿನ ಮುಂದೆ ಕೂತೆ. ಹೊತ್ತು ಮುಳುಗುವ ಮುಂಚೆ ಬಂದ. ಚೀಟಿ ಕೊಡಲಿಲ್ಲವಂತೆ. ಅಲ್ಲಿಯ ಬೆಂಚಿನ ಮೇಲೆ ಸಂಜೆಯವರೆಗೂ ಕೂತಿದ್ದನಂತೆ, ಯಾರೂ ಏಳು ಎನ್ನಲಿಲ್ಲವಂತೆ, ಕೂರು ಎಂದೂ ಅನ್ನಲಿಲ್ಲವಂತೆ. ಅವತ್ತಿನಿಂದ ಗಲಾಟೆ ಇದ್ದ ದಿನಗಳಲ್ಲೆಲ್ಲ ಯಾರೂ ಕರೆಯದೆಯೇ ಹೋಗಿ ಅಲ್ಲಿ ಕೂತು ಬರುತ್ತಿದ್ದ.