ಆವಲಪ್ಪ ಕಟ್ಟಿದ ಸಮುದ್ರ

ಚಿಂತಾಮಣಿಯಲ್ಲಿ ರಾಗಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ತುಂಬಿಡುವ ಮನೆ ಒಂದೇ ಒಂದು, ಅದು ನನ್ನ ತಂಗಿ ರಾಮಲಕ್ಷ್ಮಮ್ಮನ ಮನೆ. ಪೆಟ್ಟಿಗೆ ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಮೇಲಿನ ಒಂದು ಮೂಲೆಯಲ್ಲಿ ತೂತಿದೆ, ಅದಕ್ಕೆ ಬಟ್ಟೆ ತುರುಕಿದ್ದಾಳೆ. ರಾಗಿ ಎಷ್ಟು ಉಳಿದಿದೆ ಎಂಬುದು ಮುಚ್ಚಳ ತೆಗೆಯದೆಯೇ ತಿಳಿಯುತ್ತದೆ, ಅಷ್ಟರ ಮಟ್ಟಿಗೆ ಅನುಕೂಲ. ಹೊಸಬರು ಯಾರಾದರೂ "ಇದೇನಮ್ಮ?" ಎಂದು ಕೇಳಿದರೆ ಅವಳು ಮೊರದಿಂದ ತಲೆಯೆತ್ತದೆ "ಅದಾ, ನಮ್ಮನೆಯವರು ಕಟ್ಟಿದ ಸಮುದ್ರ" ಎನ್ನುತ್ತಾಳೆ.

ಆ ಮನೆಯವರ ಹೆಸರು ಆವಲಪ್ಪ. ಬಸ್‌ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ ರಿಪೇರಿ ಅಂಗಡಿ. ಅಂಬಾಜಿದುರ್ಗದ ಸುತ್ತಿನ ಹಳ್ಳಿಗಳಲ್ಲಿ ಬೋರ್‌ವೆಲ್ ಮೋಟಾರು ಕೆಟ್ಟರೆ ಜನ ದೇವರಿಗೆ ಕೈಮುಗಿಯುವ ಮೊದಲು ಇವನಿಗೆ ಹೇಳಿಕಳಿಸುತ್ತಿದ್ದರು. ಒಳ್ಳೆ ಕೆಲಸಗಾರ, ಸುಳ್ಳು ಹೇಳಬಾರದು. ಆದರೆ ಸ್ವಂತ ಮನೆಯ ಬಚ್ಚಲಿನ ನಲ್ಲಿ ಮಾತ್ರ ಮದುವೆಯಾದ ವರ್ಷದಿಂದ ತೊಟ್ಟಿಕ್ಕುತ್ತಲೇ ಇತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ. ಈ ಮಾತನ್ನು ನಾನು ಅವನ ಮುಖಕ್ಕೇ ಹೇಳಿದ್ದೇನೆ. ನಾನು ಗಂಗುಲಪ್ಪ, ಇಲ್ಲಿನ ಟೊಮೆಟೊ ಮಂಡಿಯಲ್ಲಿ ಇಪ್ಪತ್ತು ವರ್ಷದಿಂದ ಗುಮಾಸ್ತ. ಮಂಡಿಯಲ್ಲಿ ಬಾಯಿ ಸಣ್ಣದು ಮಾಡಿಕೊಂಡವನು ಬದುಕುವುದಿಲ್ಲ.

ಮನೆಯಲ್ಲಿ ಇನ್ನೊಬ್ಬರಿದ್ದರು, ಆವಲಪ್ಪನ ತಾಯಿ ಅಕ್ಕಯಮ್ಮ. ಆವಲಪ್ಪನಿಗೆ ಆರು ವರ್ಷವಾಗಿದ್ದಾಗ ವಿಷಮಜ್ವರ ಬಂದು ಇಪ್ಪತ್ತೊಂದು ದಿನ ಕಣ್ಣು ಬಿಟ್ಟಿರಲಿಲ್ಲವಂತೆ. ಆಗ ಆ ತಾಯಿ ಗಂಗಮ್ಮನಿಗೆ ಹರಕೆ ಹೊತ್ತಳು. ಮಗ ಉಳಿದರೆ ಸಮುದ್ರಕ್ಕೇ ಬಂದು ನಿನ್ನ ಮಡಿಲಿಗೆ ಮುಡಿಪು ಹಾಕುತ್ತೇನೆ ಎಂದಳು. ದಿನಕ್ಕೊಂದರಂತೆ ಇಪ್ಪತ್ತೊಂದು ತಾಮ್ರದ ಕಾಸು, ನಡುವೆ ತೂತಿರುವ ಹಳೆಯ ಕಾಸುಗಳು, ಅರಿಶಿನದ ಬಟ್ಟೆಯಲ್ಲಿ ಗಂಟಾಗಿ ದೇವರ ಗೂಡು ಸೇರಿದವು. ಮಗ ಉಳಿದ. ಗಂಟೂ ಅಲ್ಲೇ ಉಳಿಯಿತು. ಗಂಡ ಕರೆದುಕೊಂಡು ಹೋಗಲಿಲ್ಲ, ಹೋಗುವ ಮೊದಲೇ ತೀರಿಕೊಂಡ. ಮಗ ದುಡಿಯುವಂತಾದ ಮೇಲೆ ಪ್ರತಿ ಯುಗಾದಿಗೂ "ಈ ವರ್ಷ ಮೋಟಾರ್ ಕೆಲಸ ಜಾಸ್ತಿ ಕಣಮ್ಮ, ಬರೋ ವರ್ಷ ಹೋಗಣ" ಎನ್ನುತ್ತಿದ್ದ. ಹರಕೆ ಹೊತ್ತ ಮೇಲೆ ಒಟ್ಟು ನಲವತ್ತು ಯುಗಾದಿಗಳು ಬಂದು ಹೋದವು. ಮುದುಕಿಗೆ ಎಪ್ಪತ್ತು ದಾಟಿತ್ತು. ನಾನು ಹೋದಾಗಲೆಲ್ಲ "ಹರಕೆ ಹೊತ್ಕೊಂಡು ಸಾಯಬಾರದು ಕಣಪ್ಪ ಗಂಗುಲಪ್ಪ, ಆ ಪಾಪ ಮಗನ ತಲೆ ಮೇಲೆ ಬರುತ್ತೆ" ಎಂದು ಒಂದೇ ಮಾತು ಹೇಳುತ್ತಿದ್ದಳು. ನಾನು ಹೂಂಗುಟ್ಟಿ ಕಾಫಿ ಕುಡಿದು ಬರುತ್ತಿದ್ದೆ. ನನ್ನದೂ ತಪ್ಪಿದೆ.

ತೊಂಬತ್ಮೂರರಲ್ಲಿ ಆವಲಪ್ಪ ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಗೆ ಒಂದು ಪಂಪು ಕೂರಿಸಲು ಹೋದ. ಅಲ್ಲಿನ ಕಾರ್ಖಾನೆಯೊಂದರ ಸಾಹೇಬರ ಮನೆಯ ನಡುಮನೆಯಲ್ಲಿ ಗಾಜಿನ ತೊಟ್ಟಿ, ಅದರಲ್ಲಿ ಉಪ್ಪುನೀರು, ಹವಳದ ಕಲ್ಲು, ಬಿಳಿ ಪಟ್ಟೆಯ ಕಿತ್ತಳೆ ಮೀನು. ಮೀನನ್ನು ನೋಡಿ ಮರುಳಾಗಿದ್ದರೆ ಪರವಾಗಿಲ್ಲ, ಮನುಷ್ಯ ಎನ್ನಬಹುದಿತ್ತು. ಇವನು ಬಗ್ಗಿ ಮೇಜಿನ ಕೆಳಗೆ ನೋಡಿದ. ಅಲ್ಲಿ ಪೈಪುಗಳಿದ್ದವು. ಮೇಲಿನ ತೊಟ್ಟಿ ತುಂಬಿ ಹೆಚ್ಚಾದ ನೀರು ಒಂದು ಪೈಪಿನಲ್ಲಿ ಕೆಳಗಿನ ತೊಟ್ಟಿಗೆ ಇಳಿಯುತ್ತದೆ, ಅಲ್ಲಿ ಶುದ್ಧವಾಗಿ ಇನ್ನೊಂದು ಪೈಪಿನಲ್ಲಿ ಮೇಲಕ್ಕೆ ಬರುತ್ತದೆ, ಹಗಲೂ ರಾತ್ರಿ. "ಭಾವ, ಒಂದೇ ನೀರು ಭಾವ, ಸುತ್ತಾ ಇರುತ್ತೆ, ಬತ್ತೋದೇ ಇಲ್ಲ" ಎಂದು ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡ. ಜೀವನವಿಡೀ ಬತ್ತಿದ ಬೋರುಗಳಿಗೆ ಪೈಪು ಇಳಿಸಿದವನಿಗೆ ಅದು ದೇವರ ದರ್ಶನವೇ ಆಗಿರಬೇಕು.

ಸಾಹೇಬರು ಒಂದು ಇಂಗ್ಲಿಷ್ ಪತ್ರಿಕೆಯನ್ನೂ ಕೊಟ್ಟಿದ್ದರು. ಚಿತ್ರಗಳು ಆವಲಪ್ಪನಿಗೆ ಬಾಯಿಪಾಠವಾದವು, ಅಕ್ಷರಗಳನ್ನು ಓದಿ ಹೇಳುವ ಕರ್ಮ ನನ್ನದಾಯಿತು. ಅದರಲ್ಲಿ ಕೆಂಪು ಚೌಕದೊಳಗೆ ಒಂದು ಎಚ್ಚರಿಕೆ ಇತ್ತು. ತಾಮ್ರ, ಹಿತ್ತಾಳೆ ಈ ನೀರಿಗೆ ಸೋಕಬಾರದು, ಸ್ವಲ್ಪ ಕರಗಿದರೂ ಹವಳ, ಶಂಖದ ಹುಳ ಎಲ್ಲ ಸಾಯುತ್ತವೆ ಎಂದು. ಅಂದಿನಿಂದ ಆವಲಪ್ಪ ಹಿತ್ತಾಳೆಯ ಶತ್ರುವಾದ. ಗೇಟ್‌ವಾಲ್ವು ಹಿತ್ತಾಳೆಯದೆಂದು ಪ್ಲಾಸ್ಟಿಕ್ ವಾಲ್ವು ತಂದ. ತನ್ನ ಅಂಗಡಿಯ ಪಂಪುಗಳ ಹೊಟ್ಟೆಯಲ್ಲೆಲ್ಲ ಹಿತ್ತಾಳೆಯೇ ಇದೆಯೆಂದು ಏರ್‌ಕೂಲರಿನ ಪ್ಲಾಸ್ಟಿಕ್ ಪಂಪು ಹುಡುಕಿದ. ರಾಮಲಕ್ಷ್ಮಿ ಹಿತ್ತಾಳೆ ಬಿಂದಿಗೆ ಹಿಡಿದು ನಡುಮನೆ ದಾಟಿದರೆ ಕಿರುಚುತ್ತಿದ್ದ. ಅಂಗಡಿಗೆ ಬಂದ ರೈತರನ್ನೂ ಕೂರಿಸಿಕೊಂಡು ತಾಮ್ರದ ವಿಷ ಎಂಥದ್ದೆಂದು ಗಂಟೆಗಟ್ಟಲೆ ಹೇಳುತ್ತಿದ್ದ, ಅವರ ಮೋಟಾರು ಬಿಚ್ಚಿದ್ದು ಬಿಚ್ಚಿದಂತೆಯೇ ಬಿದ್ದಿರುತ್ತಿತ್ತು. ಇಡೀ ತಾಲೂಕಿಗೆ ಪಾಠ ಹೇಳಿದ. ಒಬ್ಬರಿಗೆ ಮಾತ್ರ ಹೇಳಲಿಲ್ಲ. ಅಮ್ಮನಿಗೆ ಇದೆಲ್ಲ ಏನರ್ಥವಾಗುತ್ತದೆ ಎಂಬುದು ಅವನ ಲೆಕ್ಕ.

ಗಾಜಿಗೆ ತೂತು ಕೊರೆಯುವಾಗ ಎರಡು ಗಾಜು ಸೀಳಿದ. ನಾನೂರು ಅಡಿ ಬೋರಿನೊಳಗಿಂದ ಮೋಟಾರು ಎತ್ತುವ ಕೈ ಅದು, ಗಾಜಿನ ಮೇಲೂ ಹಾಗೇ ಕೂತಿತ್ತು. ಮೂರನೆಯದು ಉಳಿಯಿತು. ಕೆಳಗೆ ನೀಲಿ ಪ್ಲಾಸ್ಟಿಕ್ ಡ್ರಮ್ಮು ಇಟ್ಟ, ಒಂದಿಂಚಿನ ಪಿವಿಸಿ ಪೈಪು ಎಳೆದ. ಇನ್ನು ನೀರು. ಇಲ್ಲಿ ನನ್ನನ್ನು ಹಿಡಿದ. ನಮ್ಮ ಮಂಡಿಯಿಂದ ಮದ್ರಾಸಿಗೆ ವಾರಕ್ಕೆ ಮೂರು ದಿನ ಟೊಮೆಟೊ ಲಾರಿ ಹೋಗುತ್ತದೆ. ವಾಪಸು ಬರುವಾಗ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಸಮುದ್ರದ ನೀರು ತರಲು ಲಾರಿ ಡ್ರೈವರ್ ಮುನಿಶಾಮಿಗೆ ನಾನೇ ಹೇಳಿದೆ. ದಡದ ನೀರು ಕೊಳಕು, ಬೆಸ್ತರ ದೋಣಿಯಲ್ಲಿ ಒಳಗೆ ಹೋಗಿ ತುಂಬಬೇಕೆಂದು ಆವಲಪ್ಪನ ಅಪ್ಪಣೆ. ಹವಳದ ಕಲ್ಲು, ಮೀನು ಎಲ್ಲವೂ ಮದ್ರಾಸಿನ ಬಣ್ಣದ ಮೀನಿನ ಅಂಗಡಿಯಿಂದ ಅದೇ ಲಾರಿಯಲ್ಲಿ ಬಂದವು. ನಾಲ್ಕನೇ ಸಲ ಕ್ಯಾನು ಇಳಿಸುವಾಗ ಮುನಿಶಾಮಿ ಬೆವರೊರೆಸಿಕೊಂಡು ಅಂದ:

"ಗುಮಾಸ್ತರೇ, ಅಜ್ಜಿ ಸಮುದ್ರ ನೋಡ್ಬೇಕು ಅಂತಾರಂತೆ. ಇಷ್ಟು ನೀರು ಹೊರೋ ಬದಲು ಅವರನ್ನೇ ಒಂದ್ಸಲ ಕ್ಯಾಬಿನ್‌ನಲ್ಲಿ ಕೂರಿಸ್ಕೊಂಡು ಹೋಗ್ಬಹುದಲ್ವಾ?"

ಅದು ಇಡೀ ಎರಡು ವರ್ಷದಲ್ಲಿ ಯಾರಾದರೂ ಆಡಿದ ಒಂದೇ ಒಂದು ಬುದ್ಧಿಯ ಮಾತು. ಆವಲಪ್ಪ ಅದಕ್ಕೆ ಕೊಟ್ಟ ಉತ್ತರ, "ಹುಷಾರು ಕಣೋ, ಕ್ಯಾನ್ ಒಡೆದುಬಿಟ್ಟೀಯ."

ನೀರು ತುಂಬಿ ಪಂಪು ಹಾಕಿದ ಮೂರನೆಯ ದಿನ ಕರೆಂಟು ಹೋಯಿತು. ಪಂಪು ನಿಂತಿತು. ಮೇಲಿನ ನೀರು ಬಂದ ಪೈಪಿನಲ್ಲೇ ಹಿಂದಕ್ಕೆ ಜಗ್ಗಿಕೊಂಡು ಡ್ರಮ್ಮು ತುಂಬಿ ನಡುಮನೆಯಲ್ಲಿ ಹರಿಯಿತು. ಮೂಲೆಯಲ್ಲಿದ್ದ ಎರಡು ಮೂಟೆ ರಾಗಿ ನೆನೆಯಿತು. ಆ ತಿಂಗಳೆಲ್ಲ ನನ್ನ ತಂಗಿಗೆ ಸಾರಿಗೆ ಉಪ್ಪು ಹಾಕುವ ಕೆಲಸವಿರಲಿಲ್ಲ, ಮುದ್ದೆಯಲ್ಲೇ ಇರುತ್ತಿತ್ತು. ಹಳ್ಳಿಹಳ್ಳಿಯಲ್ಲೂ ಮೋಟಾರು ನಿಂತಾಗ ನೀರು ಹಿಂದಕ್ಕೆ ಇಳಿಯದಂತೆ ವಾಲ್ವು ಹಾಕಿ ಬರುವ ಮಹಾಶಯನಿಗೆ ತನ್ನ ಮನೆಯಲ್ಲಿ ಅದು ಹೊಳೆಯಲಿಲ್ಲ. ವಾಲ್ವಿನ ಒಳಗೆ ಹಿತ್ತಾಳೆ ಇರುತ್ತದೆಂದು ಹಾಕಲಿಲ್ಲವಂತೆ. ಆಮೇಲೆ ಎಂಟು ದಿನ ಯೋಚಿಸಿ, ನೀರಿನ ಮಟ್ಟಕ್ಕಿಂತ ಬೆರಳಗಲ ಕೆಳಗೆ ಪೈಪಿಗೆ ದಬ್ಬಳದಿಂದ ಒಂದು ತೂತು ಮಾಡಿದ. ಕರೆಂಟು ಹೋದರೆ ನೀರು ಆ ತೂತಿನವರೆಗೆ ಇಳಿಯುತ್ತದೆ, ಗಾಳಿ ಒಳಹೊಕ್ಕು ಜಗ್ಗುವುದು ನಿಲ್ಲುತ್ತದೆ. ಆ ತೂತನ್ನು ತೋರಿಸಲು ನನ್ನನ್ನು ಮಂಡಿಯಿಂದ ಕರೆಸಿದ. ತೂತು ಚೆನ್ನಾಗಿತ್ತು.

ತೊಂಬತ್ತೈದರ ಮಾಘಮಾಸದಲ್ಲಿ ಸಮುದ್ರ ಸಿದ್ಧವಾಯಿತು. ನಿಜ ಹೇಳಬೇಕೆಂದರೆ ನನಗೂ ಬಾಯಿ ಕಟ್ಟಿತು. ಕಲ್ಲಿನ ಮೇಲೆ ಹೂವಿನಂತೆ ಅರಳಿಕೊಂಡ ಒಂದು ಪ್ರಾಣಿ, ಅದರ ಎಸಳುಗಳ ನಡುವೆ ಸಾಹೇಬರ ಮನೆಯಲ್ಲಿದ್ದಂಥವೇ ಎರಡು ಕಿತ್ತಳೆ ಮೀನು, ಗಾಜಿನ ಮೇಲೆ ಹರಿದಾಡುವ ಶಂಖದ ಹುಳಗಳು. ಬೀದಿಯ ಜನವೆಲ್ಲ ನೋಡಲು ಬಂದರು. ಅಕ್ಕಯಮ್ಮನನ್ನು ಮುಂದೆ ಕುರ್ಚಿ ಹಾಕಿ ಕೂರಿಸಿದರು. ಅವಳು ಬಹಳ ಹೊತ್ತು ನೋಡಿ ಕೇಳಿದಳು:

"ಇದು ನಿಜವಾಗ್ಲೂ ಸಮುದ್ರನೇನೋ?"

"ಅಪ್ಪಟ ಸಮುದ್ರ ಕಣಮ್ಮ. ಅದಕ್ಕೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ" ಎಂದು ಆವಲಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ. "ಇನ್ನು ನೀನು ಮದ್ರಾಸಿಗೆ ಹೋಗೋದೇನೂ ಬೇಕಾಗಿಲ್ಲ. ಸಮುದ್ರನೇ ನಿನ್ನ ಹತ್ರ ಬಂದಿದೆ."

ಮುದುಕಿ ತಲೆಯಾಡಿಸಿದಳು. ಮಗನ ಮಾತನ್ನು ನಂಬುವುದು ಅವಳಿಗೆ ಅಭ್ಯಾಸವಾಗಿತ್ತು.

ಅಮಾವಾಸ್ಯೆ ಕಳೆದು ಮೂರು ದಿನಕ್ಕೆ ಆ ಹೂವು ಮುದುಡಿತು. ಶಂಖದ ಹುಳಗಳು ಗಾಜಿನಿಂದ ಉದುರಿದವು. ಹವಳ ಬೆಳ್ಳಗಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆವಲಪ್ಪ ಒಬ್ಬೊಬ್ಬರನ್ನೇ ಹಿಡಿದ. ಮುನಿಶಾಮಿ ದಡದಲ್ಲೇ ನೀರು ತುಂಬಿರಬೇಕು ಎಂದ. ರಾಮಲಕ್ಷ್ಮಿಯ ಸಾಂಬ್ರಾಣಿ ಹೊಗೆ ಎಂದ. ಓದಿ ಹೇಳುವಾಗ ಒಂದು ಸಾಲು ಬಿಟ್ಟಿದ್ದೀಯ ಎಂದು ನನ್ನ ಮೇಲೂ ಹಾರಿದ. ಎಲ್ಲೋ ಹಿತ್ತಾಳೆ ನುಸುಳಿದೆ ಎಂದು ಪೈಪಿನ ಪ್ರತಿಯೊಂದು ಜೋಡಣೆಯನ್ನೂ ಗರಗಸದಿಂದ ಕುಯ್ದು ನೋಡಿದ. ಎರಡು ವರ್ಷದ ಕೆಲಸ ಎರಡು ದಿನದಲ್ಲಿ ತುಂಡುತುಂಡಾಗಿ ಅಂಗಳದಲ್ಲಿ ಬಿತ್ತು. ಅಷ್ಟರಲ್ಲಿ ಕಿತ್ತಳೆ ಮೀನುಗಳೂ ಅಂಗಾತ ತೇಲಿದ್ದವು.

ಕೊನೆಗೆ ನೀರು ಬಸಿದು ಹವಳದ ಕಲ್ಲು ಎತ್ತಿದ. ನಾನು ಅಲ್ಲೇ ಇದ್ದೆ. ಕಲ್ಲಿನ ಕೆಳಗೆ, ಮರಳಿನಲ್ಲಿ, ತೂತಿನ ಕಾಸುಗಳು, ಅಂಚಿನಲ್ಲಿ ಹಸಿರು ಕಿಲುಬು ಹಿಡಿದು. ಆವಲಪ್ಪ ಒಂದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದ.

"ಯಾರು ಹಾಕಿದ್ದು ಇದನ್ನ?" ಎಂದ.

"ನಾನೇ ಕಣಪ್ಪ" ಎಂದಳು ಅಕ್ಕಯಮ್ಮ ಬಾಗಿಲಲ್ಲಿ ನಿಂತು. "ಅಮಾವಾಸ್ಯೆ ದಿನ ತಲೆಗೆ ಸ್ನಾನ ಮಾಡಿ ಮುಡಿಪು ಹಾಕ್ದೆ. ಸಮುದ್ರ ಬಂದಿದೆ ಅಂತ ನೀನೇ ಹೇಳಿದ್ಯಲ್ಲ."

"ಅದ್ರಿಂದ್ಲೇ ಎಲ್ಲಾ ಸತ್ತೋಯ್ತಮ್ಮ. ತಾಮ್ರ ವಿಷ ಇದಕ್ಕೆ."

ಮುದುಕಿ ಖಾಲಿ ತೊಟ್ಟಿಯನ್ನು ನೋಡಿದಳು, ಮಗನನ್ನು ನೋಡಿದಳು. "ಇಪ್ಪತ್ತೊಂದು ಕಾಸಿಗೆ ಸಾಯೋದು ಅದ್ಯಾವ ಸಮುದ್ರನೋ?"

ನನಗೆ ನಗು ಬಂತು, ಹೊರಗೆ ಬಿಡಲಿಲ್ಲ. ಯಾಕೆಂದರೆ ಅವಳ ಮುಖದಲ್ಲಿ ಕೊಂಕು ಇರಲಿಲ್ಲ, ಹೆದರಿಕೆ ಇತ್ತು. ಗೋಡೆ ಹಿಡಿದು ನಿಧಾನವಾಗಿ ಕೂತಳು. "ಮೀನಿನ ವಿಷಯ ಬಿಡು. ನನ್ನ ಹರಕೆ ತೀರ್ತೋ ಇಲ್ವೋ, ಅಷ್ಟು ಹೇಳು. ನಿನ್ನ ಪ್ರಾಣದ ಮೇಲೆ ಹೊತ್ತಿದ್ದು ಕಣಪ್ಪ ಅದು."

ಆವಲಪ್ಪ ಸಿಕ್ಕಿಬಿದ್ದಿದ್ದ. ತೀರಿತು ಎಂದು ಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು, ಅವನ ಸಮುದ್ರದ ಮರ್ಯಾದೆಯೂ ಉಳಿಯುತ್ತಿತ್ತು. ಅವನು ಹಾಗೆ ಹೇಳುತ್ತಾನೆಂದೇ ನಾನು ಕಾದಿದ್ದೆ, ಹೇಳಿದರೆ ನಾಲ್ಕು ಉಗಿಯಬೇಕೆಂದೂ ಇದ್ದೆ. ಅವನು ಕಾಸನ್ನು ಪಂಚೆಗೆ ಒರೆಸಿದ, ಮತ್ತೆ ಒರೆಸಿದ.

"ಇಲ್ಲಮ್ಮ" ಎಂದ. "ಇದು ಸಮುದ್ರ ಅಲ್ಲ. ತೊಟ್ಟಿ."

ಮುಂದಿನ ಮಂಗಳವಾರ ನಾವು ಮುನಿಶಾಮಿಯ ಟೊಮೆಟೊ ಲಾರಿಯಲ್ಲಿ ಮದ್ರಾಸಿಗೆ ಹೋದೆವು. ಕ್ಯಾಬಿನ್ನಿನಲ್ಲಿ ಮುದುಕಿ ಕಿಟಕಿಯ ಪಕ್ಕ, ಸೆರಗಿನಲ್ಲಿ ಗಂಟು. ಕಾಸುಗಳನ್ನು ಹುಣಸೆಹಣ್ಣು ಹಾಕಿ ತಾನೇ ತಿಕ್ಕಿದ್ದಳು, ಹೊಸ ಅರಿಶಿನದ ಬಟ್ಟೆ ಕಟ್ಟಿದ್ದಳು. ನಲವತ್ತು ವರ್ಷ ಆಗದಿದ್ದ ಕೆಲಸ ಒಂದು ಹಗಲಿನ ದಾರಿ ಎಂದು ತಿಳಿದಾಗ ನನಗೆ ಆವಲಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದರ ಮೇಲೆ ಆ ಭೂಪ ಎರಡು ಖಾಲಿ ಕ್ಯಾನು ಬೇರೆ ತಂದಿದ್ದ. "ಹೆಂಗಿದ್ರೂ ಹೋಗ್ತಾ ಇದೀವಲ್ಲ ಭಾವ, ಬರಿಗೈಲಿ ಯಾಕೆ ಬರ್ಬೇಕು?" ಎಂದ. ನಾಯಿ ಬಾಲ ಡೊಂಕು.

ಮದ್ರಾಸಿನ ದಡದಲ್ಲಿ ನಾನೂ ಮುನಿಶಾಮಿಯೂ ಒಂದೊಂದು ಕಡೆ ಹಿಡಿದು ಅವಳನ್ನು ಮೊಣಕಾಲು ಮುಳುಗುವವರೆಗೆ ಇಳಿಸಿದೆವು. ಸಮುದ್ರ ಕಂಡು ಅವಳು ಕೂಗಲೂ ಇಲ್ಲ, ಅಳಲೂ ಇಲ್ಲ. ಗಂಟು ಬಿಚ್ಚಿ, ಮಗನ ಹೆಸರು ಹೇಳಿ, ಕಾಸುಗಳನ್ನು ಒಂದೊಂದಾಗಿ ಎಸೆದಳು. ಎಸೆದ ಮೇಲೂ ಕದಲದೆ ನೀರನ್ನೇ ನೋಡುತ್ತ ನಿಂತಳು.

"ಬನ್ನಿ ಅತ್ತೆ, ಆಯ್ತಲ್ಲ" ಎಂದೆ.

"ತಡಿಯಪ್ಪ. ಏನಾಗುತ್ತೋ ನೋಡಣ."

ಒಂದು ಅಲೆ ಬಂತು, ಇನ್ನೊಂದು ಬಂತು, ಅವಳ ಸೀರೆ ಸೊಂಟದವರೆಗೆ ನೆನೆಯಿತು. ಹತ್ತು ಮಾರು ಆಚೆ ಆವಲಪ್ಪ, ದಡದ ನೀರು ಕೊಳಕು ಎಂಬ ತನ್ನ ಅಪ್ಪಣೆಯನ್ನೇ ಮರೆತು, ಪಂಚೆ ಎತ್ತಿ ಕಟ್ಟಿ ಎರಡನೆಯ ಕ್ಯಾನು ತುಂಬುತ್ತಿದ್ದ. ಮುದುಕಿ ಅತ್ತ ತಿರುಗಿ, ಜ್ವರದ ಮಗುವಿಗೆ ತಣ್ಣೀರು ಮುಟ್ಟಬೇಡ ಎನ್ನುವ ದನಿಯಲ್ಲಿ ಕರೆದಳು:

"ಆವಲಪ್ಪ, ಆ ನೀರು ಬೇಡ ಕಣೋ. ಕಾಸು ಹಾಕಿದೀನಿ. ಇದು ತಡ್ಕೊಳ್ಳುತ್ತೆ, ನಿಂದು ತಡ್ಕೊಳ್ಳಲ್ಲ."

ಅವಳು ಗೇಲಿ ಮಾಡಿದ್ದರೆ ಅವನು ವಾದಕ್ಕೆ ನಿಲ್ಲುತ್ತಿದ್ದನೇನೋ. ಒಂದು ಕ್ಯಾನು ಬೋರಲು ಹಾಕಿದ, ಆಮೇಲೆ ಇನ್ನೊಂದು. ಮರಳಿನ ಮೇಲೆ ಅವು ಎರಡೂ ಬಿದ್ದಿರಲು, ಬಂದು ನನ್ನ ಕೈಯಿಂದ ಅಮ್ಮನ ತೋಳನ್ನು ತಾನು ಹಿಡಿದುಕೊಂಡ.