ಕೊಕ್ಕಿಲ್ಲದ ಗಿಳಿ

ಅಂದು ಬೆಳಿಗ್ಗೆ ಗಿಳಿಯ ತಲೆ ಬೀಳಲಿಲ್ಲ.

ಬಿಡಿಸಿ ಹೇಳುತ್ತೇನೆ. ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆ. ಯಜಮಾನರು ಮತ್ತು ಮಗ ಮಹಾದೇವ ಮಗ್ಗದಿಂದ ಇಳಿಸಿದ ಸೀರೆಗಳನ್ನು ಮಡಿಸಿ ನನ್ನ ಮುಂದೆ ಇಡುತ್ತಾರೆ. ಒಂದೊಂದರ ಮೂಲೆಗೆ ನಮ್ಮ ಮನೆಯ ಛಾಪಾ ಒತ್ತುವುದು ನನ್ನ ಕೆಲಸ. ಕಟ್ಟಿಗೆಯ ಛಾಪಾ, ಅದರಲ್ಲಿ ಕೆತ್ತಿದ ಒಂದು ಗಿಳಿ. ಮದುವೆಯಾಗಿ ಬಂದ ವರ್ಷದಿಂದ ಒತ್ತುತ್ತ ಬಂದಿದ್ದೇನೆ. ಶಾಯಿಗೆ ತಾಗಿಸುವುದು, ಅಂಗೈಯ ಬುಡದಿಂದ ಮೈಭಾರ ಬಿಡುವುದು, ಎತ್ತುವುದು. ಕಣ್ಣು ಮುಚ್ಚಿದರೂ ನಡೆಯುವ ಕೆಲಸ.

ಅಂದು ಬಾಲ ಬಿತ್ತು. ರೆಕ್ಕೆ ಬಿತ್ತು. ತಲೆಯ ಕಡೆ ಖಾಲಿ.

ಶಾಯಿ ಒಣಗಿದೆ ಅಂದುಕೊಂಡೆ. ಎರಡು ಹನಿ ಸೀಮೆಎಣ್ಣೆ ಬಿಟ್ಟು ಕಲಸಿದೆ. ಮತ್ತೆ ತಲೆ ಇಲ್ಲ. ಶಾಯಿ ಹೀರುವ ಅರಿವೆಯನ್ನೇ ಬದಲಿಸಿದೆ. ಆಗಲೂ ಇಲ್ಲ. ಆರು ಸೀರೆ ಕೆಟ್ಟವು. ಸಿಟ್ಟು ನೆತ್ತಿಗೇರಿತು. ಶಾಯಿ ಕಲಸಿಟ್ಟಿದ್ದು ಸೊಸೆ ಕಸ್ತೂರಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸುರಿಯಾಗಿ, ಏಳು ತಿಂಗಳ ಹೊಟ್ಟೆ ಹೊತ್ತು ನಡುಮನೆಯಲ್ಲಿ ಕೂತಿದ್ದಳು.

"ನೀರ್ ಮಾಡಿಟ್ಟೀಯಲ್ಲ ಬೇ ಶಾಯಿ! ಕೈಯಾಗ ಜೀವ ಐತೋ ಇಲ್ಲೋ ನಿನಗ?" ಎಂದು ಕೂಗಿದೆ.

ಕೂಗಿದೆ ಎಂದುಕೊಂಡೆ. ಮಾತು ಬಾಯಲ್ಲೇ ಮುದ್ದೆಯಾಗಿತ್ತು.

ಅವಳು ಗೋಡೆ ಹಿಡಿದುಕೊಂಡು ಎದ್ದು ಬಂದಳು. ಶಾಯಿ ನೋಡಲಿಲ್ಲ, ನನ್ನ ಮುಖ ನೋಡಿದಳು. "ಅತ್ತಿ, ಶಾಯಿ ಛಲೋ ಐತ್ರಿ. ನಿಮ್ಮ ಬಾಯಿ ಯಾಕ ಹಂಗ ವಾರಿ ಆಗೇತಿ?"

ಛಾಪಾ ಕೈಯಿಂದ ಜಾರಿ ಬಲಗಾಲ ಮೇಲೆ ಬಿತ್ತು. ನೋವಾಗಲಿಲ್ಲ.

ಜೀವ ಇಲ್ಲದ ಕೈ ಯಾರದೆಂದು ಆಗ ತಿಳಿಯಿತು.

ಸೀರೆ ಗಂಟು ಹೇರಿ ನಿಂತಿದ್ದ ಟೆಂಪೋದಲ್ಲೇ ಜಮಖಂಡಿಗೆ ಒಯ್ದರು. ಗಂಟುಗಳ ಮೇಲೆ ಮಲಗಿದ್ದೆ. ಪಕ್ಕದಲ್ಲಿ ಮಹಾದೇವ ನನ್ನ ಬಲಗೈ ಹಿಡಿದಿದ್ದನಂತೆ. ಅವನು ಹಿಡಿದದ್ದು ನನಗೆ ಗೊತ್ತೇ ಆಗಲಿಲ್ಲ.

ಡಾಕ್ಟರು ಬಿ.ಪಿ. ನೋಡಿದರು, ಕಣ್ಣಿಗೆ ಬ್ಯಾಟರಿ ಬಿಟ್ಟರು, ಅಂಗಾಲಿಗೆ ಕಡ್ಡಿ ಎಳೆದರು. "ಸ್ಟ್ರೋಕ್ ಆಗೇತಿ. ನೀವು ಲಕವಾ ಅಂತೀರಲ್ಲ, ಅದು. ಯಾವಾಗ ಶುರು ಆತು?"

ಮಹಾದೇವ ತಲೆ ಕೆಳಗೆ ಹಾಕಿದ. "ಮುಂಜಾನಿ ರೀ. ತಾಸೊತ್ತು ಶಾಯಿ ಕೆಟ್ಟೈತಿ ಅಂತ ಕುಂತಾಳ ರೀ."

ಡಾಕ್ಟರು ನನ್ನ ಕರಿ ಬೆರಳುಗಳನ್ನು ನೋಡಿದರು.

ಹನ್ನೆರಡು ದಿನ ವಾರ್ಡಿನಲ್ಲಿದ್ದೆ. ಸಲೈನ್, ಇಂಜೆಕ್ಷನ್, ಗುಳಿಗೆ. ಮಾತು ಮೊದಲು ಬಂತು. ಯಜಮಾನರು, "ಬಾಯಿ ಮೊದಲ ಬರ್ತೈತಿ ಅಂತ ನನಗ ಗೊತ್ತಿತ್ತು ಬಿಡ್ರಿ" ಎಂದು ನರ್ಸಿಗೆ ಹೇಳಿ ನಕ್ಕರು. ಆಮೇಲೆ ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಕಾಲು ಎಳೆದೆಳೆದು ಬಂತು. ಕೈ ಬರಲಿಲ್ಲ. ಮೈಯ ಪಕ್ಕದಲ್ಲಿ ಯಾರೋ ಮರೆತುಹೋದ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು.

ಮನೆಗೆ ಕಳಿಸುವ ದಿನ ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟರು. "ಇದನ್ನ ಹಿಚುಕಬೇಕು. ಎಕ್ಸರ್ಸೈಜ್ ಒಂದ ದಿನಾನೂ ಬಿಡಬ್ಯಾಡ್ರಿ. ಕೈ ಎಷ್ಟ್ ಬರ್ತೈತಿ ಅಂತ ನಾ ಈಗ ಹೇಳಾಕ ಬರಂಗಿಲ್ಲ."

ಹಿಚುಕಿದೆ. ಚೆಂಡು ಬೀಳುತ್ತಿತ್ತು, ಉರುಳಿ ಮಗ್ಗದ ಕೆಳಗೆ ಹೋಗುತ್ತಿತ್ತು. ಯಜಮಾನರು ಮಗ್ಗ ನಿಲ್ಲಿಸಿ ಬಗ್ಗಿ ತೆಗೆಯುವರು. ದಿನಕ್ಕೆ ಇಪ್ಪತ್ತು ಸಲ. "ಎಕ್ಸರ್ಸೈಜ್ ನಿನಗ ಹೇಳ್ಯಾರೋ, ನನಗೋ?" ಎನ್ನುವರು. ಎರಡು ತಿಂಗಳಿಗೆ ನಾಲ್ಕು ಬೆರಳು ಅಷ್ಟಿಷ್ಟು ಮಡಚಿಕೊಂಡವು. ಹೆಬ್ಬೆರಳು ಮಾತ್ರ ತನ್ನದೇ ಹಟದಲ್ಲಿ ನೆಟ್ಟಗೆ ನಿಂತಿತ್ತು. ಚೆಂಡು ಹಿಚುಕಿದರೆ ಏನೂ ಹುಟ್ಟುವುದಿಲ್ಲ. ದುಡಿದ ಕೈಗೆ ಅದು ಕೆಲಸ ಅನ್ನಿಸುವುದೇ ಇಲ್ಲ.

ಆಗ ಮೊಮ್ಮಗಳು ಹುಟ್ಟಿದಳು.

ಏನು ಹೇಳಲಿ! ಒಂಬತ್ತು ವರ್ಷ! ಎಷ್ಟು ಸೋಮವಾರ, ಎಷ್ಟು ಹರಕೆ. ಕಸ್ತೂರಿಗೆ ತಾಯಿಯಿಲ್ಲ, ಅನಗವಾಡಿಯ ತವರಿನಲ್ಲಿ ಬಾಣಂತನ ಮಾಡುವವರಿಲ್ಲ. ಹಾಗಾಗಿ ಮಗು ನಮ್ಮ ಮನೆಗೇ ಬಂತು. ಬಟ್ಟೆಯಲ್ಲಿ ಸುತ್ತಿ ನನ್ನ ಮುಂದೆ ಹಿಡಿದರು. ಎರಡು ಮುಷ್ಟಿ, ಒಂದು ಮೂಗು, ತಲೆತುಂಬ ಕೂದಲು. ನಾನು ಎಡಗೈ ಚಾಚಿದೆ. ಬಲಗೈ ತೊಡೆಯ ಮೇಲೆ ಹಾಗೇ ಇತ್ತು. ನಗುತ್ತಿದ್ದೆ, ನಗುತ್ತಲೇ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಮುಂದೆ ತೊಟ್ಟಿಲ ಕಾರ್ಯ. ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇದೆ. ಮಗುವಿನ ತಂದೆಯ ತಾಯಿ ತಾನೇ ಮನೆಮನೆಗೆ ಹೋಗಿ, ಹೆಣ್ಣುಮಕ್ಕಳ ಹಣೆಗೆ ಕುಂಕುಮ ಹಚ್ಚಿ ಕರೆಯಬೇಕು. ಬೇರೆಯವರು ಕರೆದರೆ ಕರೆದಂತಲ್ಲ. ಕುಂಕುಮವನ್ನು ಎಡಗೈಯಿಂದ ಯಾರೂ ಹಚ್ಚುವುದಿಲ್ಲ.

ಎದುರು ಮನೆಯ ನೀಲವ್ವ ನನ್ನ ಜೊತೆಗೇ ಮದುವೆಯಾಗಿ ಈ ಓಣಿಗೆ ಬಂದವಳು. ಮಗು ನೋಡಲು ಬಂದವಳು ನನ್ನ ಸೆರಗಿನ ಕಡೆ ನೋಡಿದಳು. "ಶಾಂತವ್ವ, ಈಗ ಹ್ಯಾಂಗ ಕರೀತಿ ಬೇ? ನಿನ್ನ ತಂಗೀನ ಕಳಸು. ನಾವೇನ್ ತಪ್ಪ ತಿಳಿಯಂಗಿಲ್ಲ."

ತಪ್ಪು ತಿಳಿಯುವುದಿಲ್ಲ ಎಂದಳಲ್ಲ, ಅದೇ ಚುಚ್ಚಿತು.

"ನಾನಽ ಕರೀತೀನಿ" ಎಂದೆ.

"ಹ್ಯಾಂಗ?"

ಹೇಗೆ ಎಂದು ನನಗೂ ಗೊತ್ತಿರಲಿಲ್ಲ. ಆದರೂ ಬಾಯಿಂದ ಬಂತು. "ಬಲಗೈಲೆ ಛಾಪಾ ಒತ್ತಿ ಕಾಗದ ಕಳಸ್ತೀನಿ. ಅದರಾಗ ಕುಂಕುಮ ಇಟ್ಟಿರ್ತೀನಿ. ನಡೀತೈತೋ ಇಲ್ಲೋ?"

ನೀಲವ್ವ ಗದ್ದಕ್ಕೆ ಬೆರಳು ಹಚ್ಚಿ ಯೋಚಿಸಿದಳು. ಓಣಿಯ ಪದ್ಧತಿಗೆಲ್ಲ ಅವಳೇ ಕೋರ್ಟು. "ನಿನ್ನ ಬಲಗೈಲೇನ ಒತ್ತಿದ್ರ ನಡೀತೈತಿ. ಬ್ಯಾರೆಯವ್ರ ಕೈ ಹಚ್ಚಿದ್ರ ಇಲ್ಲ ನೋಡು."

ತಿಂಗಳು ತುಂಬಿದ ಮೇಲೆ ತೊಟ್ಟಿಲು ಎಂದು ಗೊತ್ತು ಮಾಡಿದರು. ನಲವತ್ತೆರಡು ಮನೆ.

ಚೆಂಡನ್ನು ಮೂಲೆಗೆ ಎಸೆದು ಛಾಪಾ ಕೇಳಿದೆ. ಯಜಮಾನರು ಹೆದರಿದರು. "ಏ, ಸೀರಿ ಕೆಡಸ್ತಿ!" ಕಾಗದ ಎಂದಾಗ ಸಮಾಧಾನವಾಯಿತು. ಬೆರಳುಗಳನ್ನು ಒಂದೊಂದಾಗಿ ಎಡಗೈಯಿಂದ ಬಿಡಿಸಿ ಛಾಪಾದ ಸುತ್ತ ಕೂರಿಸಿದೆ. ಭುಜದಿಂದ ಭಾರ ಬಿಟ್ಟೆ. ಶಾಯಿ ಎಣ್ಣೆ ಸೋರಿದ ಹಾಗೆ ಹರಡಿತು. ಅರಿವೆಗೆಂದು ಮಾಡಿದ ಶಾಯಿ, ತೆಳು ಕಾಗದ ಹೇಗೆ ತಡೆದೀತು? ಗಿಳಿ ಹೋಗಿ ಕಾಗೆಯಾಗಿತ್ತು.

ಆದರೆ ನಾವು ನೇಕಾರರು. ತೇವ ಕುಡಿಯುವ ನೂಲಿಗೆ ಏನು ಮಾಡಬೇಕೆಂದು ನಮಗೆ ಗೊತ್ತು. ಗಂಜಿ ಕಾಸಿದೆವು. ನೂಲಿಗೆ ಹಚ್ಚುವ ಹಾಗೆ ಕಾಗದಕ್ಕೆ ಕುಂಚದಿಂದ ಗಂಜಿ ಹಚ್ಚಿ, ಮಾಳಿಗೆಯ ಮೇಲೆ ಹಗ್ಗ ಕಟ್ಟಿ ಒಣಹಾಕಿದೆವು. ಒಣಗಿದ ಮೇಲೆ ಕಾಗದ ಹಪ್ಪಳದ ಹಾಗೆ ಗರಿಗರಿಯಾಯಿತು. ಬೆರಳಾಡಿಸಿದರೆ ತರಿತರಿ ಹತ್ತಿತು. ಎಡಗೈ ಬೆರಳಿಗೆ ಹತ್ತಿತು, ಬಲಗೈ ಬೆರಳಿಗೆ ಹತ್ತಲಿಲ್ಲ. ಇರಲಿ. ಗಿಳಿ ಈಗ ಗಿಳಿಯಾಗಿಯೇ ನಿಂತಿತು. ತಲೆ ಮಾತ್ರ ಇಲ್ಲ. ತಲೆ ಬೀಳುವುದು ಹೆಬ್ಬೆರಳಿನ ಕಡೆ.

ತಲೆಯಿಲ್ಲದ ಗಿಳಿ ಕಳಿಸಿ ಮಗುವಿನ ಕಾರ್ಯಕ್ಕೆ ಕರೆಯಲಾದೀತೇ?

ದಿನವೂ ಕೂತೆ. ಮುಂಜಾನೆ ನಾಷ್ಟಾ ಆದ ಮೇಲೆ, ಮಧ್ಯಾಹ್ನ ಮಗು ಮಲಗಿದ ಮೇಲೆ. ಬಾಣಂತಿ ಕಸ್ತೂರಿ ಹೊರಸಿನ ಮೇಲೆ ಕೂತು ತೀರ್ಪು ಹೇಳುವಳು. ಮೊದಮೊದಲು "ಛಲೋ ಬಂದೈತ್ರಿ ಅತ್ತಿ" ಎನ್ನುತ್ತಿದ್ದಳು. ಗದರಿದೆ. "ಸುಳ್ಳ ಹೇಳಬ್ಯಾಡ. ನಾ ಹಿಂದ ನಿನಗ ಹ್ಯಾಂಗ ಹೇಳ್ತಿದ್ದೆ, ಹಂಗ ಹೇಳು."

ಅಂದಿನಿಂದ ಖರೆ ಹೇಳತೊಡಗಿದಳು. "ಕಣ್ಣ ಬಿದ್ದಿಲ್ರಿ." "ಕುತ್ತಿಗಿ ಬಂತ್ರಿ, ತಲಿ ಇಲ್ಲ." "ಇದು ನಡಿಯಂಗಿಲ್ರಿ, ಇನ್ನೊಂದ ಒತ್ರಿ." ಅತ್ತೆಗೆ ಸೊಸೆ ತಪ್ಪು ಹೇಳುವುದನ್ನು ಕೇಳಿ ಮಗ್ಗದ ಮನೆಯಲ್ಲಿ ಅಪ್ಪ ಮಗ ನಗುತ್ತಿದ್ದರು. ನಗಲಿ.

ಒಂದು ಮಧ್ಯಾಹ್ನ ಕೈ ಸೋತಿತ್ತು. ಕಾಗದ ಸರಿಸಿ ಹೇಳಿದೆ, "ಆವತ್ತ ಶಾಯಿ ಛಲೋ ಇತ್ತು ಬೇ."

ಅವಳು ಮಗುವಿನ ಕುಂಚಿಗೆ ಸರಿಮಾಡುತ್ತ, "ಗೊತ್ತೈತ್ರಿ" ಎಂದಳು. ಸ್ವಲ್ಪ ಹೊತ್ತಿಗೆ, "ಇನ್ನೊಂದ ಒತ್ರಿ ಅತ್ತಿ. ಕಣ್ಣಿನ ತನಕ ಬಂದೈತಿ."

ಇಲ್ಲಿ ಒಂದು ಮಾತು. ನಾನು ಎರಡನೆಯ ಇಯತ್ತೆಯನ್ನೂ ಮುಗಿಸದವಳು. ನಾನು ಹೇಳಿದ್ದನ್ನು ಕಸ್ತೂರಿಯೇ ಬರೆದುಕೊಳ್ಳುತ್ತಿದ್ದಾಳೆ, ಓಣಿಯ ಮಾತನ್ನು ಪುಸ್ತಕದ ಮಾತು ಮಾಡುತ್ತ. ಮೇಲಿನ ನಾಲ್ಕು ಸಾಲು ಬೇಡ ಅಂದಳು. ಗದರಿಸಿ ಬರೆಸಿದ್ದೇನೆ.

ಕಣ್ಣು ಬಿದ್ದ ದಿನ ಮನೆಯಲ್ಲಿ ಸಜ್ಜಕ ಮಾಡಿಸಿದೆ. ಆಮೇಲೆ ತಲೆ ಪೂರ್ತಿ ಬಂತು. ಕೊಕ್ಕಿನ ತುದಿ ಮಾತ್ರ ಬರಲಿಲ್ಲ. ಅಕ್ಕಿಕಾಳಿನಷ್ಟು ಜಾಗ. ಅಷ್ಟು ಜಾಗಕ್ಕಾಗಿ ಎಂಟು ದಿನ ಒದ್ದಾಡಿದೆ. ತೊಟ್ಟಿಲಿಗೆ ವಾರ ಉಳಿದಿತ್ತು. ತಲೆಯಿದ್ದ ಗಿಳಿ ಮೂವತ್ತೆರಡಾಗಿದ್ದವು, ಇನ್ನೂ ಹತ್ತು ಬೇಕು.

ಮರುದಿನ ಎದ್ದು ನೋಡಿದರೆ ಹತ್ತು ತಯಾರಾಗಿವೆ. ಹತ್ತಕ್ಕೂ ಕೊಕ್ಕಿದೆ. ಚೂಪಾಗಿ, ತುದಿಯವರೆಗೆ.

"ಯಾರ ಒತ್ತಿದ್ರು?"

ಯಜಮಾನರು ಮಗ್ಗದ ಕಡೆ ತಿರುಗಿದರು. "ನೀನಽ ಒತ್ತೀರ್ಬೇಕು. ನೆನಪಿಲ್ಲ ನಿನಗ."

"ಬೆರಳ ತೋರಸ್ರಿ."

ತೋರಿಸಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಹೋದವು. ಅರವತ್ತು ದಾಟಿದ ಗಂಡಸು! ಕಸ್ತೂರಿ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ಸಿಟ್ಟು, ಅಳು, ನಗು ಮೂರೂ ಒಟ್ಟಿಗೇ ಬಂದವು. ಅವರ ಹತ್ತನ್ನು ಬೇರೆ ಇಟ್ಟು, ನನ್ನ ಹತ್ತನ್ನು ನಾನೇ ಒತ್ತಿದೆ. ಮೂರು ದಿನ ಹಿಡಿಯಿತು. ಎಲ್ಲಕ್ಕೂ ಕೊಕ್ಕಿನ ತುದಿ ಮೊಂಡು.

ಆಮೇಲೆ ಮನೆಯವರೆಲ್ಲ ಕೈಹಚ್ಚಿದರು, ಛಾಪಾ ಒಂದನ್ನು ಬಿಟ್ಟು. ಸೀರೆಯ ಅಂಚಿನಲ್ಲಿ ಹೂವು ಬರಲೆಂದು ಮಗ್ಗದ ಮೇಲೆ ಏರಿಸುವ ತೂತುತೂತಿನ ದಪ್ಪ ರಟ್ಟುಗಳಲ್ಲಿ ಹಳೆಯವು ಅಟ್ಟದ ಮೇಲಿದ್ದವು. ಮಹಾದೇವ ಅವನ್ನು ಅಂಗೈ ಅಗಲ ಕತ್ತರಿಸಿದ. ಅದರ ಮೇಲೆ ಗಿಳಿಯ ಕಾಗದ ಅಂಟಿಸಿ, ಅಂಚಿನ ತೂತುಗಳಲ್ಲಿ ಕೆಂಪು ರೇಷ್ಮೆ ಎಳೆ ಪೋಣಿಸಿ ತೊಟ್ಟಿಲ ಹಗ್ಗದ ಹಾಗೆ ಮೇಲೆ ಗಂಟು ಹಾಕಿದೆವು. ಹಿಂದೆ ಚಿಕ್ಕ ಪೊಟ್ಟಣ, ಅದರಲ್ಲಿ ಚಿಟಿಕೆ ಕುಂಕುಮ. ದಿನ, ಹೊತ್ತು ಮಹಾದೇವ ಬರೆದ. ಅಂಗಡಿಯಲ್ಲೂ ಅಂಥದ್ದು ಸಿಗುವುದಿಲ್ಲ, ನಾನು ಹೇಳುತ್ತೇನೆ!

ಅದೇ ವಾರ ಜಮಖಂಡಿಗೆ ಚೆಕಪ್ಪಿಗೆ ಹೋದೆ. ಚೆಂಡು ಎಲ್ಲಿ ಎಂದು ಡಾಕ್ಟರು ಕೇಳಿದರು. ನಾನು ಚೀಲದಿಂದ ಕಾಗದ ತೆಗೆದು ಅವರ ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟೆ. ಕಾಗೆಯಂಥದ್ದು, ತಲೆಯಿಲ್ಲದ್ದು, ಕುತ್ತಿಗೆ ಬಂದದ್ದು, ಕಣ್ಣು ಬಂದದ್ದು, ಕೊಕ್ಕು ಮೊಂಡಾದದ್ದು. ಅವರು ಕನ್ನಡಕ ಏರಿಸಿ ಒಂದೊಂದನ್ನೇ ನೋಡುತ್ತ ಬಂದರು. ಹೊರಗೆ ಪಾಳಿಯಲ್ಲಿದ್ದವರು ಇಣುಕುತ್ತಿದ್ದರು.

"ಇದನ್ನ ಬಿಡಬ್ಯಾಡ್ರಿ" ಎಂದರು. "ಬಿ.ಪಿ. ಗುಳಿಗಿನೂ ಬಿಡಬ್ಯಾಡ್ರಿ."

"ಕೊಕ್ಕ ಬರ್ತೈತೇನ್ರಿ ಸಾಹೇಬ್ರ?"

ಮೊಂಡು ಕೊಕ್ಕಿನ ಕಾಗದವನ್ನು ಮತ್ತೆ ಕೈಗೆತ್ತಿಕೊಂಡರು. "ಬರದೇನೂ ಇರಬಹುದು, ಅವ್ವಾ. ಇಷ್ಟು ಬಂದೈತಲ್ಲ, ಇದನ್ನ ಕಾಯಕೊಳ್ರಿ."

ಬಸ್ಸಿನಲ್ಲಿ ಬರುವಾಗ ಆ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದೆ. ವಾರ್ಡಿನಲ್ಲಿದ್ದಾಗ ಕೇಳಿದ್ದರೆ ಕುಸಿಯುತ್ತಿದ್ದೆ. ಈಗ ಹಾಗಾಗಲಿಲ್ಲ. ಈ ಕೈ ಮೊದಲಿನ ಹಾಗೆ ರೊಟ್ಟಿ ಬಡಿಯುವುದಿಲ್ಲ, ಹೆರಳು ಹಾಕುವುದಿಲ್ಲ. ಆದರೆ ಸತ್ತಿಲ್ಲ. ಸತ್ತಿರದ ಕೈಗೆ ಕೆಲಸ ಹುಡುಕುವುದು ನನ್ನ ಪಾಲಿಗೆ ಬಂದಿದೆ, ಅಷ್ಟೇ.

ತೊಟ್ಟಿಲ ದಿನ ನಲವತ್ತೆರಡು ಮನೆಯವರೂ ಬಂದರು. ಪಡಸಾಲೆ ಸಾಲದೆ ಕಟ್ಟೆಯ ಮೇಲೆ ಕೂತರು. ನೀಲವ್ವ ಸೆರಗಿನ ಗಂಟಿನಿಂದ ತನ್ನ ಕಾಗದ ತೆಗೆದು ಎಲ್ಲರ ಮುಂದೆ ಎತ್ತಿ ಹಿಡಿದಳು. "ಕೊಕ್ಕ ಮೊಂಡ ಐತಿ, ನೋಡ್ರೆವ್ವ. ಇದು ಶಾಂತವ್ವನ ಕೈನ. ನಮ್ಮನ್ನ ಅಕಿನಽ ಕರದಾಳ."

ಯಜಮಾನರು ಕದ್ದು ಒತ್ತಿದ ಹತ್ತು ಗಿಳಿಗಳನ್ನು ಕತ್ತರಿಸಿ ತೊಟ್ಟಿಲ ಮೇಲೆ ತೂಗುಹಾಕಿದ್ದೆವು. ತಾಯಿಯ ತೊಡೆಯ ಮೇಲಿಂದಲೇ ಮಗು ಅವನ್ನು ಪಿಳಿಪಿಳಿ ನೋಡುತ್ತಿತ್ತು.

ಮಗುವನ್ನು ತೊಟ್ಟಿಲಿಗೆ ಹಾಕುವ ಮೊದಲು ಬಾಣಂತಿಗೆ ಕುಂಕುಮ ಹಚ್ಚಬೇಕು. ನನ್ನ ತಂಗಿ ಬಟ್ಟಲು ಹಿಡಿದು ಮುಂದೆ ಬಂದಳು. ಕಸ್ತೂರಿ ಅವಳ ಕಡೆ ತಿರುಗಲಿಲ್ಲ. ಮಗುವನ್ನು ಎತ್ತಿಕೊಂಡು ನನ್ನ ಮುಂದೆ ಬಂದು ಕೂತಳು.

"ಅತ್ತಿ, ನೀವು ಹಚ್ರಿ."

ಕಾಗದ ಬೇರೆ, ಹಣೆ ಬೇರೆ. ನಲವತ್ತೆರಡು ಮನೆಯವರು ನೋಡುತ್ತಿದ್ದಾರೆ. ಬಲಗೈ ಎತ್ತಿದೆ. ಬಟ್ಟಲಿಗೆ ಉಂಗುರದ ಬೆರಳು ಅದ್ದಿದೆ. ಕೈ ವಾಲಿತು. ಎಡಗೈ ತಾನಾಗಿ ಆಸರೆಗೆ ಎದ್ದಿತು, ಅದನ್ನು ತೊಡೆಯ ಕೆಳಗೆ ಒತ್ತಿ ಹಿಡಿದೆ. ಬೆರಳು ಅವಳ ಹಣೆ ಮುಟ್ಟಿತು.

ನಡುವೆ ಬೀಳಲಿಲ್ಲ. ಎಡಹುಬ್ಬಿನ ಮೇಲೆ, ವಾರೆಯಾಗಿ, ದೊಡ್ಡದಾಗಿ ಬಿತ್ತು.

ತಂಗಿ ಸೆರಗಿನ ತುದಿಯಿಂದ ಸರಿಮಾಡಲು ಹೋದಳು. ಕಸ್ತೂರಿ ತಲೆ ಹಿಂದೆ ಎಳೆದಳು.

"ಇರ್ಲಿ ಬಿಡ್ರಿ. ಛಲೋ ಬಂದೈತಿ."

ಈ ಸಲ ನಾನು ಗದರಲಿಲ್ಲ.